ಮೇಮ್‌ಸಾಬ್ ತಿಂದ ಮಲ್ಲಿಗೆ

“ಹೆಸರು?” ಎಂದೆ, ತಲೆ ಎತ್ತದೆ.

“ನಿಮಗೆ ಗೊತ್ತಿಲ್ಲವಾ?”

“ನನಗೆ ಗೊತ್ತುಂಟು. ಆಸ್ಪತ್ರೆಗೆ ಗೊತ್ತಿಲ್ಲ.”

“ತಾರಾನಾಥ.”

“ಪೂರ್ತಿ ಹೆಸರು ಬೇಕು. ಬೇಗ ಹೇಳಿ, ಹಿಂದೆ ಕ್ಯೂ ಉಂಟು.”

ಹಿಂದೆ ಕ್ಯೂ ಇರಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಕಾರ್ಡ್ ಕೌಂಟರಿಗೆ ಯಾರೂ ಬರುವುದಿಲ್ಲ. ಬೆಂಚಿನ ಮೇಲೆ ಒಬ್ಬರು ಅಜ್ಜ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದರು, ಅಷ್ಟೇ. ತಾರಾನಾಥ ಅಂಗೈಗೆ ಕರವಸ್ತ್ರ ಸುತ್ತಿಕೊಂಡು ಬಂದಿದ್ದ. ಕುದುರೆಗೆ ಲಾಳ ಹೊಡೆಯುವಾಗ ಮೊಳೆ ಚುಚ್ಚಿತ್ತು, ಇಂಜೆಕ್ಷನ್ ಆಗಬೇಕಿತ್ತು. ಮೊಳೆ ಚುಚ್ಚಿಸಿಕೊಂಡವರ ಮುಖದಲ್ಲಿ ಅಷ್ಟು ನಗು ನಾನು ಅದುವರೆಗೆ ನೋಡಿರಲಿಲ್ಲ. ಕೌಂಟರಿನ ಸಣ್ಣ ಕಿಟಕಿಗೆ ಬಗ್ಗಿ, ನಾನು ಕಣ್ಣೆತ್ತುವವರೆಗೂ ಕಾದು, ಆಮೇಲೆ ಹೇಳಿದ.

“ತಾರಾನಾಥ ಕರ್ಕೇರ.”

ನನ್ನ ಪೆನ್ನು ಅಲ್ಲಿಯೇ ನಿಂತಿತು.

ನಾನು ವಾರಿಜಾ. ಕಾಪುವಿನ ಕಡಲ ಬದಿಯವಳು, ಕೆಲಸ ಮಣಿಪಾಲದ ಆಸ್ಪತ್ರೆಯಲ್ಲಿ. ಅಪ್ಪ ಚೆನ್ನಪ್ಪ ಸಾಲ್ಯಾನ್ ದೋಣಿಗೆ ಹೋಗುತ್ತಾರೆ, ಅಮ್ಮ ಮೀನು ಮಾರುತ್ತಾಳೆ. ನಾನು ಅಮ್ಮನ ಹಾಗೆ ಕರ್ಕೇರ. ಈ ಮನೆತನದ ಹೆಸರಿಗೆ ನಮ್ಮವರು ಬರಿ ಎನ್ನುತ್ತಾರೆ. ಒಂದೇ ಬರಿಯವರು ಅಣ್ಣ ತಂಗಿಯರು. ಒಬ್ಬರ ಮುಖ ಒಬ್ಬರು ನೋಡಿರದಿದ್ದರೂ, ಒಬ್ಬಳು ಕಾಪುವಿನಲ್ಲಿ ಇನ್ನೊಬ್ಬ ಮೀರತ್‌ನಲ್ಲಿ ಹುಟ್ಟಿದ್ದರೂ ಅಣ್ಣ ತಂಗಿಯರೇ. ಜಾತಿ ಬಿಟ್ಟು ಮದುವೆಯಾದವರನ್ನು ನಮ್ಮ ಊರಿನವರು ಐದಾರು ವರ್ಷಕ್ಕೆ ಒಳಗೆ ಸೇರಿಸಿಕೊಂಡದ್ದುಂಟು. ಬರಿಯೊಳಗೆ ಮದುವೆಯಾದವರನ್ನು ಸೇರಿಸಿಕೊಂಡದ್ದು ನಾನು ಕೇಳಿಲ್ಲ.

“ಎಂತ ಆಯಿತು?” ಎಂದ ತಾರಾನಾಥ. ಅವನು ಸಾಮಾನ್ಯವಾಗಿ ‘ಏನು’ ಎನ್ನುವವನು. ನನ್ನನ್ನು ಅಣಕಿಸಲಿಕ್ಕೆ ‘ಎಂತ’ ಎನ್ನುತ್ತಿದ್ದ.

“ಎಂತದ್ದೂ ಇಲ್ಲ. ಎರಡನೇ ರೂಮಿಗೆ ಹೋಗಿ.”

ಕಾರ್ಡ್ ಕೊಟ್ಟೆ. ಅವನು ಹೋದ ಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ನಲ್ಲಿಯಲ್ಲಿ ನೀರು ಬರಲಿಲ್ಲ, ಅದಕ್ಕೂ ಸೇರಿಸಿ ಅತ್ತೆ.

ಆರು ತಿಂಗಳು ಒಬ್ಬನನ್ನು ಪ್ರೀತಿಸಿ ಅವನ ಪೂರ್ತಿ ಹೆಸರು ಕೇಳದವಳು ಎಂಥ ಹುಡುಗಿ ಎಂದು ನೀವು ಕೇಳಬಹುದು. ಪರ್ಕಳದಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಕುದುರೆ ತಾರಾನಾಥ ಎಂದು. ಅವನ ಅಪ್ಪ ಹೂವಪ್ಪನವರನ್ನು ಬರೀ ದಫೇದಾರರು ಎನ್ನುತ್ತಿದ್ದರು. ದಫೇದಾರರು ನಮ್ಮ ಕಡೆಯವರೇ, ಸೈನ್ಯದ ಕುದುರೆ ದಳದಲ್ಲಿದ್ದು ಮೀರತ್, ಜೈಪುರ, ಬೆಂಗಳೂರು ಎಂದು ಸುತ್ತಿ ನಿವೃತ್ತರಾದವರು. ಎರಡು ವರ್ಷದ ಹಿಂದೆ, ಓಟ ನಿಲ್ಲಿಸಿದ ನಾಲ್ಕು ರೇಸ್ ಕುದುರೆಗಳನ್ನು ಹೊಡೆದುಕೊಂಡು ಪರ್ಕಳಕ್ಕೆ ಬಂದು, ಹಾಳುಬಿದ್ದ ಹಂಚಿನ ಶೆಡ್ಡೊಂದರಲ್ಲಿ ಲಾಯ ಮಾಡಿದ್ದರು. ಮಣಿಪಾಲದ ಕಾಲೇಜು ಹುಡುಗರಿಗೆ ಅಪ್ಪ ಮಗ ಸೇರಿ ಸವಾರಿ ಕಲಿಸುತ್ತಿದ್ದರು. ಕುದುರೆಗಳಿಗೆ ಕರ್ನಲ್, ಮೇಜರ್, ಕ್ಯಾಪ್ಟನ್ ಎಂದು ಹೆಸರು. ಇಪ್ಪತ್ತನಾಲ್ಕು ವರ್ಷ ಸೆಲ್ಯೂಟ್ ಹೊಡೆದದ್ದಕ್ಕೆ ಈಗ ಹುಕುಂ ಮಾಡುವ ಆಸೆ ಅಂತೆ. ನಾಲ್ಕನೆಯದು ಹೆಣ್ಣು ಕುದುರೆ, ಮೇಮ್‌ಸಾಬ್. ಅವಳಿಗೆ ಯಾರೂ ಹುಕುಂ ಮಾಡುವಂತಿರಲಿಲ್ಲ.

ನನ್ನ ರೂಮ್‌ಮೇಟ್ ಝೀಟಾ ನರ್ಸ್. ಒಂದು ಭಾನುವಾರ ಅವಳ ಜೊತೆ ಕುದುರೆ ನೋಡಲಿಕ್ಕೆ ಹೋದವಳು ನಾನು, ಮೇಮ್‌ಸಾಬ್ ಮೇಲೆ ಕುಳಿತು ಮೈದಾನಕ್ಕೆ ಒಂದು ಸುತ್ತು ಬಂದೆ. ಲಗಾಮು ಹಿಡಿದು ಪಕ್ಕದಲ್ಲಿ ನಡೆಯುತ್ತಿದ್ದ ತಾರಾನಾಥ, “ಕುದುರೆಯ ಕಿವಿ ನೋಡಿ, ನನ್ನನ್ನಲ್ಲ” ಎಂದಿದ್ದ. ನಾನು ಅವನನ್ನು ನೋಡುತ್ತಿರಲಿಲ್ಲ. ಆ ಮಾತಿನ ಮೇಲೆ ನೋಡಲಿಕ್ಕೆ ಶುರು ಮಾಡಿದೆ.

ಹೆಸರು ಗೊತ್ತಾಗುವುದಕ್ಕೆ ನಾಲ್ಕು ದಿನ ಮೊದಲು, ಭಾನುವಾರ, ಅವನು ಕೇಳಿದ್ದ. ಕೇಳಿದ್ದೂ ಕುದುರೆಯ ಬೆನ್ನು ತಿಕ್ಕುತ್ತಾ.

“ಎರಡನೇ ಶನಿವಾರ ನಾವೆಲ್ಲ ಕಾಪು ಬೀಚಿಗೆ ಸವಾರಿ ಹೋಗ್ತೇವಲ್ಲ. ದಾರಿಯಲ್ಲಿ ಶಂಕರಪುರ ಸಿಗುತ್ತೆ. ಅಲ್ಲಿ ನೀವು ಮಲ್ಲಿಗೆ ಮುಡಿದುಕೊಂಡರೆ, ನಿಮ್ಮ ಮನೆಗೆ ಅಪ್ಪನನ್ನು ಕಳಿಸಬಹುದು ಅಂತ ತಿಳ್ಕೊಳ್ತೇನೆ.”

“ಮುಡಿಯದಿದ್ದರೆ?”

“ಅಪ್ಪನಿಗೆ ಬಸ್ ಖರ್ಚು ಉಳೀತು.”

ರೂಮಿಗೆ ಬಂದು, ಮುಡಿದುಕೊಳ್ಳುವುದು ಜಡೆಗಾ ತುರುಬಿಗಾ ಎಂದು ಝೀಟಾಳ ತಲೆ ತಿಂದಿದ್ದೆ.

*

ಎಂಬತ್ತನಾಲ್ಕರ ಫೆಬ್ರವರಿಯ ಆ ಶನಿವಾರ ನಾನು ಹೋಗಬಾರದಿತ್ತು. ಹೊಟ್ಟೆನೋವು ಎಂದು ಹಾಸಿಗೆಯಲ್ಲಿ ಬಿದ್ದುಕೊಳ್ಳಬಹುದಿತ್ತು. ಆದರೆ ಇಲ್ಲ ಎನ್ನುವುದಾದರೆ ಎದುರಿಗೆ ನಿಂತೇ ಹೇಳಬೇಕು ಎಂದು ಹಟ. ಇನ್ನೊಂದು ದಿನವಾದರೂ ಅವನ ಹಿಂದೆ ಹೋಗಬೇಕು ಎನ್ನುವುದು ನಿಜವಾದ ಕಾರಣ. ಅದನ್ನು ಝೀಟಾಳಿಗೂ ಹೇಳಲಿಲ್ಲ, ಬರಿಯ ವಿಷಯವನ್ನೂ ಹೇಳಲಿಲ್ಲ.

ಬೆಳಿಗ್ಗೆ ಐದೂವರೆಗೆ ಹೊರಟೆವು. ಮುಂದೆ ಕರ್ನಲ್ ಮೇಲೆ ತಾರಾನಾಥ, ಹಿಂದೆ ನಾನು, ನನ್ನ ಹಿಂದೆ ಕ್ಯಾಪ್ಟನ್ ಮೇಲೆ ಝೀಟಾ, ಕೊನೆಗೆ ಮೇಜರ್ ಮೇಲೆ ಅಲಿ. ಅಲಿ ಆಸ್ಪತ್ರೆಯ ಎಲೆಕ್ಟ್ರಿಷಿಯನ್, ದುಬೈ ವೀಸಾಕ್ಕೆ ಕಾಯುತ್ತಿದ್ದ. ಅಲ್ಲಿಯ ಶೇಖ್‌ಗಳ ಹತ್ತಿರ ಕುದುರೆ ಇರುತ್ತದೆ, ಗೊತ್ತಿದ್ದರೆ ಒಳ್ಳೆಯದು ಎಂದು ಕಲಿಯಲಿಕ್ಕೆ ಸೇರಿದವನು.

“ತಾರಾನಾಥಣ್ಣ, ಇದು ನಿಲ್ಲುವುದಿಲ್ಲ ಮಾರಾಯ್ರೆ!”

“ಅದು ನಡೀತಾ ಇರೋದು ಅಲಿ. ಇನ್ನೂ ಓಡೇ ಇಲ್ಲ.”

“ನನಗೆ ಸಾಕು. ಇದರ ಸ್ವಿಚ್ ಎಲ್ಲಿ ಉಂಟು?”

ಝೀಟಾ ನಕ್ಕಳು. ತಾರಾನಾಥ ನಗುತ್ತಾ ಹಿಂದೆ ತಿರುಗಿದ. ಆ ತಿರುಗುವಿಕೆ ಅಲಿಗಾಗಿ ಅಲ್ಲ ಎಂದು ನಾಲ್ಕು ಕುದುರೆಗಳಿಗೂ ಗೊತ್ತಿತ್ತು. ನಾನು ಮೇಮ್‌ಸಾಬಳ ಕಿವಿ ನೋಡಿದೆ. ಅವನೇ ಹೇಳಿಕೊಟ್ಟ ಪಾಠ.

ಅಲೆವೂರಿನ ಗದ್ದೆಗಳ ಬದಿಯಲ್ಲಿ ಸೂರ್ಯ ಬಂದ. ಕೊಯ್ಲು ಮುಗಿದು ಉದ್ದು ಬಿತ್ತಿದ್ದರು. ಒಂದು ತೋಡು ದಾಟುವಾಗ ಮೇಮ್‌ಸಾಬ್ ನೀರಿನ ನಡುವೆ ನಿಂತುಬಿಟ್ಟಳು. ತಾರಾನಾಥ ಹಿಂದೆ ಬಂದು ನನ್ನ ಲಗಾಮು ಹಿಡಿದ. ಅಂಗೈಯಲ್ಲಿ ಆಸ್ಪತ್ರೆಯ ಬ್ಯಾಂಡೇಜು ಇನ್ನೂ ಇತ್ತು.

“ಇವತ್ತು ಮಾತೇ ಇಲ್ಲವಲ್ಲ. ರಾತ್ರಿ ನಿದ್ದೆ ಬರಲಿಲ್ಲವಾ?”

“ಬಂತು.”

“ನನಗೆ ಬರಲಿಲ್ಲ” ಎಂದ, ತುಂಬ ಸಂತೋಷದಿಂದ.

ಅವನ ಸಂತೋಷ ಕಂಡು ನನಗೆ ಸಿಟ್ಟು ಬಂತು. ಇಷ್ಟು ದೊಡ್ಡ ವಿಷಯ ಗೊತ್ತಿಲ್ಲದೆ ಒಬ್ಬ ಮನುಷ್ಯ ಹೇಗೆ ಇಷ್ಟು ಆರಾಮಾಗಿ ಇರುತ್ತಾನೆ? ಬರಿ ಅಂದರೆ ಎಂತ ಎಂದು ಅವನಿಗೆ ಯಾರು ಹೇಳಿಕೊಡಬೇಕಿತ್ತು? ಅವನಿಗೆ ಎರಡು ವರ್ಷವಾಗಿದ್ದಾಗ ಅಮ್ಮ ತೀರಿಹೋಗಿದ್ದಳು. ನಮ್ಮ ಮನೆಮಾತು ಕೂಡ ಅವನಿಗೆ ಅರ್ಧಂಬರ್ಧ, ಅದಕ್ಕೇ ನಾವು ಕನ್ನಡದಲ್ಲಿ ಮಾತಾಡುತ್ತಿದ್ದದ್ದು.

*

ಶಂಕರಪುರದಲ್ಲಿ ಝೀಟಾಳ ಮನೆ. ಅಂಗಳದಲ್ಲಿ ಅವಳ ಅಮ್ಮ ಬೆಳಿಗ್ಗೆ ಕೊಯ್ದ ಮೊಗ್ಗುಗಳನ್ನು ಗುಡ್ಡೆ ಹಾಕಿಕೊಂಡು, ಬಾಳೆನಾರಿನಲ್ಲಿ ಕಟ್ಟುತ್ತಾ ಕುಳಿತಿದ್ದರು. ವ್ಯಾಪಾರದ ಕಟ್ಟೆಗೆ ಹೋಗುವ ಹೂವಿನ ಲೆಕ್ಕದಲ್ಲಿ ಕಣ್ಣೆತ್ತುವಷ್ಟು ಪುರುಸೊತ್ತಿಲ್ಲ. ಆದರೂ ನಾಲ್ಕು ಕುದುರೆಗಳು ಅಂಗಳಕ್ಕೆ ಬಂದಾಗ ಕಣ್ಣೆತ್ತಲೇಬೇಕಾಯಿತು.

“ಮಂಡಕ್ಕಿ ತಿಂದು ಚಹಾ ಕುಡಿದು ಹೋಗಿ. ಈ ಪ್ರಾಣಿಗಳು ನನ್ನ ಗಿಡಕ್ಕೆ ಬಾಯಿ ಹಾಕಿದರೆ ನೋಡಿ ಮತ್ತೆ!”

ಹೊರಡುವಾಗ ಝೀಟಾಳಿಗೆ ಒಂದು ಮೊಳ, ನನಗೆ ಕಟ್ಟಿ ಸುತ್ತಿದ ಹೂವಿನ ಒಂದು ಪೂರ್ತಿ ಚೆಂಡು ಕೊಟ್ಟರು. ಝೀಟಾ ಮೊದಲೇ ಹೇಳಿಟ್ಟಿದ್ದಳು ಎಂದು ಕಾಣುತ್ತದೆ. ಎರಡೂ ಕೈಯಲ್ಲಿ ಹಿಡಿಯುವಷ್ಟು ದೊಡ್ಡ ಚೆಂಡು. ಬಾವಿಕಟ್ಟೆಯ ಹತ್ತಿರ ಕರ್ನಲ್‌ಗೆ ನೀರು ಕುಡಿಸುತ್ತಿದ್ದ ತಾರಾನಾಥ ಬಕೆಟ್ ತುಂಬಿ ಹರಿಯುತ್ತಿದ್ದರೂ ನೋಡದೆ ನನ್ನ ಕೈಯನ್ನೇ ನೋಡುತ್ತಿದ್ದ.

ಝೀಟಾ ಕಿವಿಯಲ್ಲಿ, “ಮುಡಿದುಕೊಳ್ಳೇ ಮಾರಾಯ್ತಿ, ಅವನು ಉಸಿರು ಬಿಡುತ್ತಿಲ್ಲ” ಎಂದಳು.

ನನ್ನ ಕೈ ಮೇಲೆ ಹೋಗಲಿಲ್ಲ. ಚೆಂಡು ಹಿಡಿದುಕೊಂಡು ಹಾಗೇ ನಿಂತೆ. ಎಷ್ಟು ಹೊತ್ತು ನಿಂತೆನೋ, ಹಿಂದಿನಿಂದ ಬಿಸಿ ಉಸಿರು ಬಂತು. ಒಂದು ಉದ್ದ ಮೂತಿ ನನ್ನ ಹೆಗಲ ಮೇಲಿನಿಂದ ಇಳಿದು ಮಲ್ಲಿಗೆಯನ್ನು ಕಚ್ಚಿ ಎಳೆಯಿತು. ಮೇಮ್‌ಸಾಬ್ ಬಾಳೆನಾರು ಸಮೇತ, ಕಣ್ಣು ಅರ್ಧ ಮುಚ್ಚಿಕೊಂಡು, ಎಲೆ ಅಡಿಕೆ ಅಗಿಯುವ ಅಜ್ಜಿಯ ಹಾಗೆ ಅಗಿದಳು.

ಝೀಟಾಳ ಅಮ್ಮ ತಲೆ ಮೇಲೆ ಕೈಯಿಟ್ಟರು. ಅಲಿ ಬಾವಿಕಟ್ಟೆ ಹಿಡಿದುಕೊಂಡು ನಕ್ಕ.

ತಾರಾನಾಥ ಹತ್ತಿರ ಬಂದು ಮೆಲ್ಲಗೆ ಕೇಳಿದ. “ಇದು ಹೌದಾ, ಅಲ್ಲವಾ? ಕುದುರೆ ಹೇಳಿದ್ದು ನನಗೆ ಗೊತ್ತಾಯಿತು. ನೀವು ಹೇಳಿ.”

“ಅಲ್ಲ.”

ಅವನು ನನ್ನ ಮುಖ ನೋಡಿದ, ಮತ್ತೊಂದು ಮಾತು ಬರುತ್ತದೆ ಎಂದು. ಬಂದದ್ದು ಇಷ್ಟೇ: “ನೀವು ನನಗೆ ಅಣ್ಣ ಆಗಬೇಕು.”

ಅವನ ಮುಖ ಬಿಳಿಚಿತು. ಆಮೇಲೆ ಅವನು ನಕ್ಕ, ಆ ನಗು ನನಗೆ ಇವತ್ತಿಗೂ ಇಷ್ಟವಿಲ್ಲ.

“ಬೆಂಗಳೂರಿನ ಕಾಲೇಜಿನಲ್ಲೂ ಹುಡುಗಿಯರು ಹೀಗೇ ಹೇಳ್ತಿದ್ರು. ಬೇಡ ಅಂತ ಹೇಳ್ಲಿಕ್ಕೆ ಧೈರ್ಯ ಇಲ್ಲದೆ ರಾಖಿ ತರ್ತಿದ್ರು. ನೀವು ಹಾಗಲ್ಲ ಅಂತ ತಿಳ್ಕೊಂಡಿದ್ದೆ.”

ಕರ್ನಲ್ ಮೇಲೆ ಹತ್ತಿ ಹೊರಟೇಬಿಟ್ಟ. ಇನ್ನಂಜೆ ದಾಟಿ ಕಾಪುವಿನವರೆಗೂ ಅವನ ಬೆನ್ನು ಮಾತ್ರ ಕಂಡಿತು.

*

ಕಾಪು ನನ್ನ ಊರು. ಅಮ್ಮ ಆ ಹೊತ್ತಿಗೆ ಉಡುಪಿಯ ಮಾರ್ಕೆಟ್ಟಿನಲ್ಲಿರುತ್ತಾಳೆ ಎಂದು ಗೊತ್ತಿದ್ದರೂ ಚೂಡಿದಾರದ ದುಪಟ್ಟಾವನ್ನು ತಲೆಗೆ ಎಳೆದುಕೊಂಡೆ. ಬಲೆ ಒಣಗಲು ಹಾಕುತ್ತಿದ್ದ ಹೆಂಗಸರು ಕುದುರೆಗಳನ್ನು ನೋಡಿ ಬಾಯಿಗೆ ಸೆರಗು ಹಿಡಿದರು. ಲೈಟ್‌ಹೌಸಿನ ಬಂಡೆಯ ನೆರಳಿನಲ್ಲಿ ಕುದುರೆ ಕಟ್ಟಿದೆವು. ಅಲಿಯನ್ನು ಎಳನೀರು ತರುವ ನೆಪದಲ್ಲಿ ಝೀಟಾ ದೂರ ಕರೆದುಕೊಂಡು ಹೋದಳು.

ನಾನು ಸೀದಾ ಅವನ ಎದುರು ಹೋಗಿ ನಿಂತೆ.

“ನನ್ನ ಪೂರ್ತಿ ಹೆಸರು ನಿಮಗೆ ಗೊತ್ತುಂಟಾ?”

“ಬೇಕಾಗಿಲ್ಲ ಈಗ.”

“ವಾರಿಜಾ ಕರ್ಕೇರ.”

ಅವನಿಗೆ ಅರ್ಥವಾಗಲಿಲ್ಲ. ಒಂದೇ ಸರ್‌ನೇಮ್, ಅದಕ್ಕೇನು, ಮದುವೆಯಾದರೆ ಹೆಸರು ಬದಲಿಸುವ ಕೆಲಸ ಇಲ್ಲವಲ್ಲ ಎಂದ. ನಾನು ಬರಿಯ ವಿಷಯ ಹೇಳಿದೆ. ಹೇಳುತ್ತಾ ಹೇಳುತ್ತಾ ಅವನ ಕಣ್ಣಿನಲ್ಲಿ ಸಿಟ್ಟು ಹೋಗಿ ಹೆದರಿಕೆ ಬಂತು. ಸಿಟ್ಟನ್ನೇ ತಡೆದುಕೊಳ್ಳಬಹುದಿತ್ತು.

“ಹಾಗಾದರೆ ಮಲ್ಲಿಗೆ...”

“ಜಡೆಗಾ ತುರುಬಿಗಾ ಅಂತ ನಾಲ್ಕು ದಿನ ಯೋಚಿಸಿದ್ದೇನೆ” ಎಂದೆ. ಅಳಬಾರದು ಎಂದಿದ್ದೆ, ಆಗಲಿಲ್ಲ.

ಅವನು ಎರಡು ಹೆಜ್ಜೆ ಮುಂದೆ ಬಂದು, ಮತ್ತೆ ಒಂದು ಹೆಜ್ಜೆ ಹಿಂದೆ ಹೋದ. ಆ ಹಿಂದಿನ ಹೆಜ್ಜೆಯನ್ನು ಐದು ನಿಮಿಷದಲ್ಲಿ ಅವನೂ ಕಲಿತುಬಿಟ್ಟಿದ್ದ.

“ಬೆಂಗಳೂರಿಗೆ ಹೋಗೋಣ. ಅಲ್ಲಿ ಯಾರೂ ಕೇಳೋದಿಲ್ಲ.”

“ಅಲ್ಲಿ ಕೇಳುವುದಿಲ್ಲ. ಇಲ್ಲಿ ನನ್ನ ಅಮ್ಮನನ್ನು ಕೇಳುತ್ತಾರೆ. ಅವಳು ಬುಟ್ಟಿ ಹೊತ್ತುಕೊಂಡು ಹೋಗಿ ನಿಂತ ಪ್ರತಿಯೊಂದು ಮನೆಯ ಬಾಗಿಲಿನಲ್ಲಿ ಕೇಳುತ್ತಾರೆ. ಅದನ್ನು ಅವಳಿಗೆ ಕೊಟ್ಟು ನಾನು ಎಲ್ಲಿಗೆ ಹೋಗಲಿ?”

ಅವನು ಕರ್ನಲ್‌ನ ಹಗ್ಗ ಬಿಚ್ಚಿ ಮತ್ತೆ ಕಟ್ಟಿದ. ಆಮೇಲೆ ಹೇಳಿದ, “ನನಗೆ ಇರೋದು ಒಬ್ಬ ಅಪ್ಪ, ನಾಲ್ಕು ಕುದುರೆ. ಸಂಬಂಧ ಅಂತ ಬೇರೆ ಯಾರೂ ಇಲ್ಲ. ಸಿಕ್ಕಿದ್ದು ನೀವೊಬ್ಬರು. ನಿಮ್ಮನ್ನು ತಂಗಿ ಅಂತ ಕೊಡಬೇಡಿ ವಾರಿಜಾ. ಏನೂ ಕೊಡದಿದ್ದರೂ ಆಗಬಹುದು.”

ಅಲಿ ತಂದ ಎಳನೀರನ್ನು ಇಬ್ಬರೂ ಕುಡಿದೆವು, ರುಚಿ ನೆನಪಿಲ್ಲ.

*

ವಾಪಸ್ಸು ಬರುವಾಗ ಯಾರೂ ನಗಲಿಲ್ಲ. ಅಲಿ ಎರಡು ಸಲ ಬೀಳುವ ಹಾಗೆ ಮಾಡಿದ, ಒಂದು ಸಲ ಬೇಕೆಂದೇ. ಝೀಟಾ ಮಾತ್ರ ಕುದುರೆಯನ್ನು ನನ್ನ ಪಕ್ಕಕ್ಕೆ ತಂದು, ಎಂತ ಎಂದು ಕೇಳದೆ, ಪರ್ಕಳದವರೆಗೂ ಜೊತೆಗೆ ಬಂದಳು.

ಶೆಡ್ಡಿಗೆ ಮುಟ್ಟುವಾಗ ಸಂಜೆ ಐದೂವರೆ. ಯಾವಾಗಲೂ ನಾನು ಹೊರಗೆ ಮೈದಾನದಲ್ಲಿಯೇ ಇಳಿಯುವುದು, ತಾರಾನಾಥನೇ ಜೀನು ಬಿಚ್ಚಿ ಒಳಗೆ ಒಯ್ಯುವುದು. ಆರು ತಿಂಗಳಲ್ಲಿ ಲಾಯದ ಒಳಗೆ ನಾನು ಕಾಲಿಟ್ಟಿರಲಿಲ್ಲ. ಆದರೆ ಅವತ್ತು ಅವನು ಹಿಂದೆ ನೋಡದೆ ಒಳಗೆ ಹೋದ. ನಾನೇ ಜೀನು ಬಿಚ್ಚಿದೆ, ಎರಡೂ ಕೈಯಲ್ಲಿ ಹೊತ್ತುಕೊಂಡು ಒಳಗೆ ನಡೆದೆ, ಮೇಮ್‌ಸಾಬ್ ತಾನಾಗಿಯೇ ನನ್ನ ಹಿಂದೆ ಬಂದಳು. ಇದೇ ಕೊನೆಯ ಸಲ, ಇದನ್ನೊಂದು ಇಟ್ಟು ಹೋಗುತ್ತೇನೆ ಎಂದುಕೊಂಡೆ.

ಒಳಗೆ ದಫೇದಾರರು ಖಾಕಿ ಚಡ್ಡಿಯಲ್ಲಿ ಕುಳಿತು ಹುರುಳಿ ಆರಿಸುತ್ತಿದ್ದರು. “ಬಾ ಮಗಾ. ಆ ಟ್ರಂಕಿನ ಮೇಲೆ ಇಡು” ಎಂದರು.

ಸೈನ್ಯದ ಹಳೆಯ ಕಪ್ಪು ಟ್ರಂಕು. ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ಇಂಗ್ಲಿಷಿನ ದೊಡ್ಡ ಅಕ್ಷರ: ದಫೇದಾರ್ ಹೂವಪ್ಪ ಕರ್ಕೇರ.

ಇನ್ನೊಬ್ಬ ಕರ್ಕೇರ, ನನಗೆ ಒಬ್ಬ ಸಾಲಲಿಲ್ಲ ಎಂದುಕೊಂಡು ಜೀನು ಇಡಲಿಕ್ಕೆ ಬಗ್ಗಿದೆ. ಬಗ್ಗಿದವಳು ಹಾಗೇ ನಿಂತೆ.

ಅಪ್ಪನೂ ಕರ್ಕೇರ, ಮಗನೂ ಕರ್ಕೇರ. ಅದು ಹೇಗೆ ಆಗುತ್ತದೆ?

ನನ್ನ ಅಪ್ಪ ಸಾಲ್ಯಾನ್, ನಾನು ಸಾಲ್ಯಾನ್ ಅಲ್ಲ. ನಮ್ಮ ಬೀದಿಯ ಯಾವ ಮನೆಯಲ್ಲೂ ಅಪ್ಪ ಮಕ್ಕಳದ್ದು ಒಂದೇ ಬರಿ ಇಲ್ಲ. ಬರಿ ಬರುವುದು ಅಮ್ಮನಿಂದ. ಮಾತು ಬರುವ ಮೊದಲೇ ಗೊತ್ತಿದ್ದ ವಿಷಯ, ಎರಡು ದಿನ ನನ್ನ ತಲೆಗೆ ಹೋಗಿರಲೇ ಇಲ್ಲ. ಕಾರ್ಡಿನಲ್ಲಿ ಬರೆದದ್ದನ್ನು ನಂಬುವುದು ನನ್ನ ಉದ್ಯೋಗ. ಬರೆದೆ, ನಂಬಿದೆ, ಅತ್ತೆ.

ಜೀನು ಕೈಯಿಂದ ಜಾರಿ ಬಿತ್ತು. ಮೇಜರ್ ಬೆಚ್ಚಿ ಕಾಲು ಬಡಿದ. ತಾರಾನಾಥ ಓಡಿ ಬಂದ, ಅವನ ಹಿಂದೆ ಝೀಟಾ, ಅಲಿ.

“ಪೆಟ್ಟಾಯಿತಾ?”

“ನಿಮ್ಮ ಅಮ್ಮನ ಬರಿ ಎಂತ?”

“ಏನು?”

“ಅಮ್ಮನ ಬರಿ! ನಿಮ್ಮದು ಅದೇ. ಕರ್ಕೇರ ನಿಮ್ಮ ಅಪ್ಪನದ್ದು, ನಿಮ್ಮದಲ್ಲ. ನಿಮ್ಮ ಅಮ್ಮ ಯಾರು?”

“ಮೋಹಿನಿ” ಎಂದ. “ಅಷ್ಟೇ ಗೊತ್ತು. ಅಪ್ಪ ಹೇಳೋದಿಲ್ಲ. ನಾನು ಕೇಳೋದಿಲ್ಲ.”

ಎಲ್ಲರೂ ದಫೇದಾರರ ಕಡೆಗೆ ನೋಡಿದೆವು. ಅವರು ಹುರುಳಿ ಆರಿಸುವುದನ್ನು ನಿಲ್ಲಿಸಿದ್ದರು. ಆಗ ನನಗೆ ಇನ್ನೊಂದು ಹೆದರಿಕೆ ಹುಟ್ಟಿತು. ಇವರು ಊರು ಬಿಟ್ಟದ್ದು ಯಾಕೆ? ಇಪ್ಪತ್ತೈದು ವರ್ಷ ಹೆಂಡತಿಯ ಹೆಸರು ಎತ್ತದೆ ಇರುವುದು ಯಾಕೆ? ಇವರೇ ಬರಿಯೊಳಗೆ ಮದುವೆಯಾಗಿ ಓಡಿಹೋದವರಾಗಿದ್ದರೆ?

“ದಫೇದಾರರೇ, ಹೇಳಿ” ಎಂದೆ. “ಅವರೂ ಕರ್ಕೇರವಾ?”

ಮುದುಕರು ಎದ್ದು ನಿಂತರು. ಮೇಜರ್‌ನ ಕುತ್ತಿಗೆ ಸವರಿದರು.

“ಮೆಂಡನ್. ಉಚ್ಚಿಲದ ಮೋಹಿನಿ ಮೆಂಡನ್.”

ಝೀಟಾ ನನ್ನ ತೋಳು ಹಿಡಿದುಕೊಂಡಳು.

“ಊರಿನಿಂದ ಅಷ್ಟು ದೂರ ಕರೆದುಕೊಂಡು ಹೋಗಿ ಕೊಂದೆ ಅಂತ ಅವಳ ಅಣ್ಣಂದಿರು ಹೇಳಿದರು. ಜ್ವರ ಬಂದದ್ದು, ನಾನು ಎಂತ ಮಾಡಲಿ? ಆ ಬಾಗಿಲಿಗೆ ಮತ್ತೆ ಹೋಗಲಿಲ್ಲ” ಎಂದರು ದಫೇದಾರರು. “ಇವನನ್ನು ಶಾಲೆಗೆ ಸೇರಿಸುವಾಗ ಕ್ಲಾರ್ಕ್ ನನ್ನ ಹೆಸರು ಕೇಳಿದ, ಬರೆದುಕೊಂಡ. ಅವಳದ್ದು ಕೇಳಲಿಲ್ಲ. ಕೇಳಿದ್ದರೂ ಆಗ ನನ್ನ ಬಾಯಿಂದ ಬರುತ್ತಿರಲಿಲ್ಲ.”

ತಾರಾನಾಥ ನನ್ನ ಕಡೆಗೆ ಬರುತ್ತಾನೆ ಎಂದುಕೊಂಡಿದ್ದೆ. ಬರಲಿಲ್ಲ. ಅಪ್ಪನ ಹತ್ತಿರ ಹೋದ.

“ಅಮ್ಮ ಹೇಗಿದ್ದಳು ಅಪ್ಪ?”

“ಕುದುರೆ ಅಂದರೆ ಹೆದರಿಕೆ” ಎಂದರು ಮುದುಕರು. “ಆದರೂ ಪ್ರತಿ ಸಂಜೆ ಬೆಲ್ಲ ಹಿಡಿದುಕೊಂಡು ಲಾಯಕ್ಕೆ ಬರುತ್ತಿದ್ದಳು. ಕಣ್ಣು ಮುಚ್ಚಿಕೊಂಡು ಕೈ ಚಾಚುತ್ತಿದ್ದಳು. ಕೊಟ್ಟೇ ಹೋಗುತ್ತಿದ್ದಳು.”

ತಾರಾನಾಥ “ಮೆಂಡನ್” ಎಂದ, ತನಗೆ ತಾನೇ. ಇನ್ನೊಂದು ಸಲ ಅಂದ. ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ.

ನಾನು ಝೀಟಾಳ ಜಡೆಗೆ ಕೈ ಹಾಕಿದೆ. ಬೆಳಿಗ್ಗೆಯ ಒಂದು ಮೊಳ ಹೂವು ಬಿಸಿಲಿಗೆ ಬಾಡಿ ಕಂದಾಗಿತ್ತು. ಅವಳು ತಾನೇ ಪಿನ್ನು ತೆಗೆದು ಕೊಟ್ಟಳು. ಕನ್ನಡಿ ಇಲ್ಲ, ಏನಿಲ್ಲ, ಹೇಗೋ ಜಡೆಗೆ ಸಿಕ್ಕಿಸಿಕೊಂಡೆ. ಕಾಪುವಿನಲ್ಲಿ ನನ್ನ ಮಾವ ಇದ್ದಾರೆ, ಅಮ್ಮನ ಅಣ್ಣ. ಕುದುರೆ ಮೇಯಿಸುವವನಿಗೆ ಹುಡುಗಿ ಕೊಡುವುದಾ ಎಂದು ಅವರು ಕುಣಿಯುತ್ತಾರೆ ಎಂದು ಗೊತ್ತಿತ್ತು. ಅದು ಜಗಳ ಮಾಡಿ ಗೆಲ್ಲಬಹುದಾದ ವಿಷಯ. ಜಗಳ ನನಗೆ ಬರುತ್ತದೆ.

ತಾರಾನಾಥ ತಿರುಗಿದ. ನೋಡಿದ. ನೋಡುತ್ತಲೇ ನಿಂತ.

“ಇದು ಹೌದಾ?” ಎಂದ. “ನೀನೇ ಹೇಳು.”

ನೀನು ಎಂದದ್ದು ಮೊದಲ ಸಲ.

“ಹೌದು. ಬೇಗ ಹತ್ತಿರ ಬಂದು ನೋಡು” ಎಂದೆ. “ಮೇಮ್‌ಸಾಬ್ ನನ್ನ ಹಿಂದೆಯೇ ಇದ್ದಾಳೆ.”